ಕಾರ್ತಿಕ ಮುಗಿದ ಮೇಲಿನ ದೀಪ

ನಮ್ಮ ಅಮ್ಮ ಜಲಜಾಕ್ಷಿ ಬಸ್ಸು ನಿಲ್ಲಿಸಿದ ಕಥೆ ಹೇಳಲು ಕುಳಿತರೆ ಕೇಳುವವರು ಮೊದಲು ನಗುತ್ತಾರೆ. ತರಕಾರಿಯವಳ ಜೊತೆ ಜಗಳವಾಡಲು ಸಾಕಾಗುವಷ್ಟು ಮಾತ್ರ ತಮಿಳು ಕಲಿತಿದ್ದ ಹೆಂಗಸು ಮದ್ರಾಸಿನ ಬಸ್ಸನ್ನು ಹೇಗೆ ನಿಲ್ಲಿಸಿಯಾಳು ಎಂದು ಅವರ ಅನುಮಾನ. ನಗಲಿ. ಆ ಬಸ್ಸು ನಿಂತದ್ದರಿಂದ ನಾನು ಇವತ್ತು ನನ್ನ ಸ್ವಂತ ಪಿಂಚಣಿಯಲ್ಲಿ ಕಾಫಿ ಕುಡಿಯುತ್ತಿದ್ದೇನೆ.

ಅಮ್ಮ ಕಾಪುವಿನ ಕಡೆಯವಳು. ಮದುವೆಯಾಗಿ ಮದ್ರಾಸಿಗೆ ಬಂದಾಗ ಅವಳ ಟ್ರಂಕಿನಲ್ಲಿ ಎರಡು ಸೀರೆಗಳ ನಡುವೆ ಒಂದು ಸಣ್ಣ ಕತ್ತಿ ಇತ್ತಂತೆ. ಅಜ್ಜಿ, ಅಂದರೆ ಅಪ್ಪನ ತಾಯಿ, ಅದನ್ನು ನೋಡಿ ಹೆದರಿಬಿಟ್ಟರು. ಅದು ಬಿದಿರು ಸೀಳುವ ಕತ್ತಿ. ದೀಪಾವಳಿಗೆ ಗೂಡುದೀಪ ಕಟ್ಟುವುದರಲ್ಲಿ ಅಮ್ಮನನ್ನು ಮೀರಿಸುವವರು ಅವಳ ತವರಿನಲ್ಲಿ ಯಾರೂ ಇರಲಿಲ್ಲ. ಬಿದಿರಿನ ಕಡ್ಡಿಗಳನ್ನು ಮೂಲೆಮೂಲೆಗೆ ಜೋಡಿಸಿ, ಬಣ್ಣದ ಕಾಗದ ಅಂಟಿಸಿ, ಒಳಗೆ ಎಣ್ಣೆಯ ಹಣತೆ ಇಟ್ಟು, ಹಗ್ಗದಲ್ಲಿ ಎತ್ತರದ ಕಂಬಕ್ಕೆ ಏರಿಸಿದರೆ ಆಯಿತು. ಕಾರ್ತಿಕ ಮಾಸ ಪೂರ್ತಿ ಸಂಜೆಯ ಆಕಾಶದಲ್ಲಿ ಅದು ತೂಗುತ್ತಿತ್ತು.

ಅಪ್ಪ ಮಧ್ವರಾಜ ಪ್ಯಾರೀಸ್ ಕಾರ್ನರಿನ ಹತ್ತಿರದ ಒಂದು ಸಸ್ಯಾಹಾರಿ ಹೋಟೆಲಿನ ಗಲ್ಲಾದ ಮೇಲೆ ಕೂರುತ್ತಿದ್ದರು. ಅಮ್ಮ ಬಂದ ಮೊದಲ ವರ್ಷ ಅಲ್ಲಿಯ ಗಲ್ಲಿಯಿಂದಲೇ ಕೆಂಪು, ಹಸಿರು, ಹಳದಿ ಕಾಗದ ತಂದುಕೊಟ್ಟರು. ಅಮ್ಮ ಎಂಟು ಮೂಲೆಯ ಗೂಡು ಕಟ್ಟಿ ಹೋಟೆಲಿನ ತಾರಸಿಯ ಮೇಲೆ ಏರಿಸಿದಳು. ಕೆಲಸದವರೆಲ್ಲ ಊರು ನೆನೆದು ಕೆಳಗೆ ನಿಂತು ನೋಡಿದರು. ಬೆಳಗ್ಗೆ ಎದ್ದು ನೋಡಿದರೆ ಬರೀ ಬಿದಿರಿನ ಅಸ್ಥಿಪಂಜರ, ಅದರಿಂದ ಜೋಲುತ್ತಿದ್ದ ಕಾಗದ ಕಾವಲಿಯಿಂದ ಏಳದ ದೋಸೆಯ ಹಾಗೆ ಮುದ್ದೆ. ನಮ್ಮೂರಿನಲ್ಲಿ ಮಳೆ ಮುಗಿದ ಮೇಲೆ ದೀಪಾವಳಿ ಬರುತ್ತದೆ, ಮದ್ರಾಸಿನಲ್ಲಿ ದೀಪಾವಳಿಯ ಹೊತ್ತಿಗೇ ಮಳೆ ಬರುತ್ತದೆ. ಇದು ಮದ್ರಾಸಿನ ಮಕ್ಕಳಿಗೆಲ್ಲ ಗೊತ್ತಿತ್ತು, ಕಾಪುವಿನ ಅಮ್ಮನಿಗೆ ಗೊತ್ತಿರಲಿಲ್ಲ. ಮರುವರ್ಷದಿಂದ ಅವಳು ಕಾಗದಕ್ಕೆ ಮೇಣದಬತ್ತಿ ಉಜ್ಜಿ, ಬಿಸಿ ಪಾತ್ರೆಯ ತಳದಿಂದ ಒತ್ತಿ, ನೀರು ತಾಗದಂತೆ ಮಾಡತೊಡಗಿದಳು. ಸೋಲುವುದು ಅವಳ ಜಾಯಮಾನದಲ್ಲೇ ಇರಲಿಲ್ಲ, ಅದೇ ನನಗೂ ಬಂದಿದೆ ಎಂದು ನನ್ನ ಮನೆಯವರು ಇವತ್ತಿಗೂ ಗೊಣಗುತ್ತಾರೆ.

ಐವತ್ತಾರರಲ್ಲಿ ನಾವು ಅಡ್ಯಾರಿನ ಹೊಸ ಬಡಾವಣೆಗೆ ಬಂದೆವು. ಬಡಾವಣೆ ಎಂಬುದು ಹೆಸರಿಗೆ ಮಾತ್ರ. ಎರಡೂ ಬದಿ ಸರ್ವೆ ತೋಪು, ನಡುವೆ ಟಾರು ರಸ್ತೆ, ಅಲ್ಲೊಂದು ಇಲ್ಲೊಂದು ಮನೆ. ಬೀದಿ ದೀಪ ಇರಲಿಲ್ಲ. ಬಸ್ಸಿನ ಸ್ಟಾಪ್ ಎಂಬ ಹಲಗೆಯೂ ಇರಲಿಲ್ಲ, ಹೇಳಿದ ಕಡೆ ಡ್ರೈವರ್ ನಿಲ್ಲಿಸಬೇಕು. ಹಗಲಿನಲ್ಲಿ ಅದು ಸರಿ. ಕತ್ತಲಾದ ಮೇಲೆ ಯಾವ ಮರ ಯಾವುದೋ, ಯಾವ ತಿರುವು ಯಾವುದೋ, ಹೇಳುವವರಿಗೂ ಗೊತ್ತಿಲ್ಲ, ನಿಲ್ಲಿಸುವವನಿಗೂ ಗೊತ್ತಿಲ್ಲ.

ನಾನು ಆಗ ಮೈಲಾಪುರದಲ್ಲಿ ಸಂಜೆಯ ಟೈಪ್‌ರೈಟಿಂಗ್ ಕ್ಲಾಸಿಗೆ ಹೋಗುತ್ತಿದ್ದೆ. ಲೋಯರ್ ಪರೀಕ್ಷೆ ಪಾಸಾಗಿತ್ತು, ಹೈಯರ್ ಪಾಸಾದರೆ ಆಫೀಸಿನಲ್ಲಿ ಕೆಲಸ ಖಂಡಿತ ಎಂದು ಕ್ಲಾಸಿನ ಮೇಷ್ಟ್ರು ಹೇಳಿದ್ದರು. ಆ ಮಾತು ಕೇಳಿದ ದಿನದಿಂದ ನನಗೆ ನಿದ್ದೆಯಲ್ಲೂ ಕೈಬೆರಳು ಕುಣಿಯುತ್ತಿದ್ದವು. ಆದರೆ ಐವತ್ತೆಂಟರ ಅಕ್ಟೋಬರಿನ ಒಂದು ಸಂಜೆ ಬಸ್ಸು ನನ್ನನ್ನು ನಮ್ಮ ತಿರುವು ದಾಟಿಸಿ ಎಲ್ಲೋ ತೋಪಿನ ಮಧ್ಯೆ ಇಳಿಸಿತು. ಬೀದಿನಾಯಿಗಳು ಬೆನ್ನಟ್ಟಿದವು. ಒಂದು ಚಪ್ಪಲಿ ಕಳೆದುಕೊಂಡು ಓಡಿ ಬಂದೆ. ಅಪ್ಪ ಬೈಯಲಿಲ್ಲ, ಅದೇ ಹೆದರಿಕೆಯ ವಿಷಯ.

ಅಷ್ಟರಲ್ಲಿ ದೀಪಾವಳಿ ಬಂತು. ಅಮ್ಮ ಗೇಟಿನ ಬಳಿಯ ತೆಂಗಿನಮರಕ್ಕೆ ಗೂಡುದೀಪ ಏರಿಸಿದಳು. ಮೂರು ಬಣ್ಣದ ಆ ಬೆಳಕು ಬಸ್ಸು ಅಡ್ಯಾರ್ ಹೊಳೆಯ ಸೇತುವೆ ಇಳಿಯುವಾಗಲೇ ಕಾಣಿಸುತ್ತಿತ್ತು. ಹಬ್ಬ ಮುಗಿಸಿ ಕ್ಲಾಸಿಗೆ ಹೋಗಿ ಬಂದ ಮೊದಲ ಸಂಜೆ, ನಾನು ಬಾಯಿ ತೆರೆಯುವ ಮೊದಲೇ ಬಸ್ಸು ನಮ್ಮ ಗೇಟಿನ ಮುಂದೆ ನಿಂತಿತು. ಕಂಡಕ್ಟರು ಬಾಗಿಲ ಬಳಿ ನಿಂತು, ‘ಕಲರ್ ವಿಳಕ್ಕು ಇರಂಗು’ ಎಂದು ಕೂಗಿದರು. ಬಣ್ಣದ ದೀಪದವರು ಇಳಿಯಿರಿ ಎಂದು. ನನ್ನ ಜೊತೆ ಇನ್ನೂ ಮೂವರು ಇಳಿದರು, ಆಸ್ಪತ್ರೆಯ ನರ್ಸೊಬ್ಬಳು, ಇಬ್ಬರು ಟೀಚರುಗಳು. ಅವರೂ ಇಷ್ಟು ದಿನ ನನ್ನ ಹಾಗೆಯೇ ಕತ್ತಲಲ್ಲಿ ಪರದಾಡಿದವರು. ನನಗೆ ಎಷ್ಟು ಖುಷಿಯಾಯಿತೆಂದರೆ ಗೇಟಿನಿಂದ ಜಗಲಿಯವರೆಗೆ ಕುಣಿದುಕೊಂಡೇ ಹೋದೆ.

ಅಪ್ಪ ಕೈ ತೊಳೆದುಕೊಳ್ಳುತ್ತ ತಣ್ಣಗೆ ಹೇಳಿದರು, “ದೀಪ ಇರುವಷ್ಟು ದಿನ ಹೋಗು ಸುಗುಣಾ. ದೀಪ ಇಳಿದ ಮೇಲೆ ಕ್ಲಾಸ್ ಬೇಡ. ಕತ್ತಲಲ್ಲಿ ಹುಡುಗಿಯನ್ನು ಕಾಡಿಗೆ ಇಳಿಸುವ ಬಸ್ಸು ನಮಗೆ ಬೇಡ.”

ಹೈಯರ್ ಪರೀಕ್ಷೆ ಇದ್ದದ್ದು ಮುಂದಿನ ವರ್ಷ. ಕಾರ್ತಿಕವೋ, ಅಮಾವಾಸ್ಯೆಗೆ ಮುಗಿಯುತ್ತದೆ. ದೀಪ ಇಳಿಸದಿದ್ದರಾಯಿತು ಎಂದುಕೊಂಡು ನಾನು ಅಜ್ಜಿಯ ಹತ್ತಿರ ಹೋಗಿ ಕಾಲೊತ್ತಲು ಕೂತೆ. ಅಜ್ಜಿಗೆ ಎಲ್ಲ ಗೊತ್ತಾಯಿತು.

“ಆಗ್ಲಿಕ್ಕಿಲ್ಲ ಮಗಾ,” ಎಂದರು. “ಅದು ಪಿತೃಗಳಿಗೆ ದಾರಿ ತೋರಿಸುವ ದೀಪ. ತಿಂಗಳು ಮುಗಿದದ್ದೇ ಅವರು ಹೋಗ್ತಾರೆ. ಆಮೇಲೂ ದೀಪ ಇಟ್ರೆ ವಾಪಸ್ ಕರೆದ ಹಾಗೆ ಆಗ್ತದೆ. ಬಂದು ಜಗಲಿಯಲ್ಲಿ ಕೂತ್ರೆ ಅವರಿಗೆಲ್ಲ ಅಡುಗೆ ಯಾರು ಮಾಡೂದು? ನೀನಾ?”

ಅಮಾವಾಸ್ಯೆಯ ಮರುದಿನ ದೀಪ ಇಳಿಯಿತು. ಅಮ್ಮ ಬಿದಿರಿನ ಗೂಡನ್ನು ಅಟ್ಟಕ್ಕೆ ಹಾಕಿ ಕೆಳಗಿಳಿದವಳೇ ಅಪ್ಪನ ಮುಂದೆ ನಿಂತಳು. “ಹಬ್ಬದ ದೀಪ ಇಳಿಸಿದೆ. ಈಗ ಮನುಷ್ಯರ ದೀಪ ಹಾಕಿ ಕೊಡಿ. ವರ್ಷವಿಡೀ ಉರಿಯುವಂಥದ್ದು.”

ಅಪ್ಪ ಒಪ್ಪಿದರು. ಹೋಟೆಲಿನ ಬಾಗಿಲಿಗೆ ಹಾಕುವಂಥ ಬಿಳಿ ಬಲ್ಬು, ಮೇಲೊಂದು ತಗಡಿನ ಟೋಪಿ, ಎರಡನ್ನೂ ತಂದು ಗೇಟಿನ ಕಂಬಕ್ಕೆ ಹಾಕಿಸಿದರು. ಸ್ವಿಚ್ಚು ಜಗಲಿಯಲ್ಲಿ. ಅಮ್ಮ ಅದನ್ನು ಒತ್ತಿ ಹೊತ್ತಿಸಿ, ಆರಿಸಿ, ಮತ್ತೆ ಹೊತ್ತಿಸಿ ನೋಡಿದಳು. ಎಣ್ಣೆಯಿಲ್ಲ, ಹಗ್ಗವಿಲ್ಲ, ಮೇಣ ಉಜ್ಜುವ ತಾಪತ್ರಯವಿಲ್ಲ. ರಸ್ತೆಯೆಲ್ಲ ಬೆಳ್ಳಗಾಯಿತು. ಮರುದಿನ ಕ್ಲಾಸು ಮುಗಿಸಿ ಬಸ್ಸು ಹತ್ತಿದವಳೇ ಕಿಟಕಿಯ ಪಕ್ಕ ಕೂತೆ.

ಬಸ್ಸು ಸೇತುವೆ ಇಳಿಯಿತು. ಬಲ್ಬು ಕಾಣಿಸಿತು. ಹತ್ತಿರ ಬಂತು. ಹಬ್ಬದಲ್ಲಿ ನಿಂತ ಹಾಗೆ ತಾನಾಗಿಯೇ ನಿಲ್ಲುತ್ತದೆಂದು ನಾನು ಕೂಗಲಿಲ್ಲ. ಬಸ್ಸು ನಿಲ್ಲಲಿಲ್ಲ.

ಗೇಟಿನಲ್ಲಿ ನಿಂತಿದ್ದ ಅಪ್ಪ ಅಮ್ಮ ಇಬ್ಬರ ಮುಖವೂ ಕಿಟಕಿಯಲ್ಲಿ ಸರಕ್ಕನೆ ಹಿಂದೆ ಹೋಯಿತು. ನಾನು ಕೂಗಿಕೊಂಡ ಮೇಲೆ, ತೋಪಿನ ಆಚೆ, ಅದೇ ನಾಯಿಗಳ ರಾಜ್ಯದಲ್ಲಿ ಬಸ್ಸು ನಿಂತಿತು. ಕಂಡಕ್ಟರು ಪಾಪ ಕೈ ಮುಗಿದುಬಿಟ್ಟರು. ಬಿಳಿ ಬಲ್ಬು ಹಾಲಿನ ಡಿಪೋದಲ್ಲಿದೆ, ಟೀ ಅಂಗಡಿಯಲ್ಲಿದೆ, ಎಲ್ಲದಕ್ಕೂ ನಿಲ್ಲಿಸಿದರೆ ಬಸ್ಸು ಎಂದಿಗೆ ಮುಟ್ಟುತ್ತದೆ, ಡ್ರೈವರಿಗೆ ಗುರುತು ಸಿಗುವುದು ಬಣ್ಣದ ದೀಪ ಎಂದರು. ಅಪ್ಪ ಟಾರ್ಚು ಹಿಡಿದು ಎದುರು ಬಂದರು. ಮನೆಗೆ ಬಂದು ಒಂದೇ ಮಾತು, “ನಾಳೆಯಿಂದ ಬೇಡ.”

ನಾನು ಹಾಸಿಗೆಯಲ್ಲಿ ಮುಖ ಹುದುಗಿಸಿ ಅತ್ತೆ. ಅಮ್ಮ ಅಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಕಂಡಕ್ಟರು ಹೇಳಿದ್ದನ್ನು ನನ್ನಿಂದ ಅಕ್ಷರ ಬಿಡದೆ ಮತ್ತೊಮ್ಮೆ ಹೇಳಿಸಿದಳು. ಆಮೇಲೆ ಕೇಳಿದಳು, “ಪಲ್ಲಾವರಂ ಸಂತೆ ಶುಕ್ರವಾರ ಅಲ್ವಾ?”

ಆ ಶುಕ್ರವಾರವನ್ನು ನಾನು ಸಾಯುವವರೆಗೆ ಮರೆಯಲಾರೆ. ಅಮ್ಮ ನನ್ನನ್ನು ಕರೆದುಕೊಂಡು ಗಿಂಡಿಯಲ್ಲಿ ರೈಲು ಹತ್ತಿದಳು. ಪಲ್ಲಾವರಂ ಸಂತೆಯಲ್ಲಿ ಸಿಗದ ವಸ್ತುವಿರಲಿಲ್ಲ. ದನ, ಕೋಳಿ, ಮಣ್ಣಿನ ಮಡಕೆ, ದಂಡಿನ ಬಂಗಲೆಗಳಿಂದ ಬಂದ ಹಳೆಯ ಕುರ್ಚಿ, ಕಾಲು ಮುರಿದ ಪಿಯಾನೊ. ಬಿಸಿಲಿನಲ್ಲಿ ಸುತ್ತಿ ಸುತ್ತಿ ನನ್ನ ತಲೆ ತಿರುಗುತ್ತಿತ್ತು. ಅಮ್ಮ ಮಾತ್ರ ಮಗುವಿನ ಹಾಗೆ ರಾಶಿಯಿಂದ ರಾಶಿಗೆ ಹಾರುತ್ತಿದ್ದಳು. ಕೊನೆಗೆ ಒಂದು ಗೋಣಿಯ ಮೇಲೆ ಅವಳಿಗೆ ಬೇಕಾದದ್ದು ಕಂಡಿತು. ಯಾವುದೋ ದೊರೆಯ ಬಂಗಲೆಯ ಗೇಟಿನಲ್ಲಿದ್ದ ಕಬ್ಬಿಣದ ಲಾಂದ್ರ, ಎಂಟು ಮುಖದ್ದು. ಗಾಜು ಒಂದೂ ಇರಲಿಲ್ಲ.

“ಗಾಜಿಲ್ಲದ್ದೇ ಒಳ್ಳೇದಾಯ್ತು,” ಎಂದು ಅಮ್ಮ ನನ್ನ ಕಿವಿಯಲ್ಲಿ ಹೇಳಿ, ಮಾರುವವನ ಕಡೆ ತಿರುಗಿ ಮುಖ ಗಂಟಿಕ್ಕಿದಳು. “ಕಣ್ಣಾಡಿ ಎಂಗೆ? ಕಣ್ಣಾಡಿ ಇಲ್ಲಾಮೆ ಇದು ಎದುಕ್ಕು?” ಗಾಜೆಲ್ಲಿ, ಗಾಜಿಲ್ಲದೆ ಇದು ಯಾತಕ್ಕೆ ಎಂದು ಚೌಕಾಸಿ. ಅವಳ ತಮಿಳು ಅಂದು ಪೂರ್ತಿ ಉಪಯೋಗಕ್ಕೆ ಬಂತು.

ಹಳೆಯ ಕಿಟಕಿಗಳ ಅಂಗಡಿಯಿಂದ ಬಣ್ಣದ ಗಾಜಿನ ಚೂರುಗಳನ್ನೂ ಆರಿಸಿ ತಂದೆವು. ಮನೆಯಲ್ಲಿ ಅಮ್ಮ ಲಾಂದ್ರಕ್ಕೆ ಕರಿ ಬಣ್ಣ ಹೊಡೆದಳು. ತನ್ನ ಗೂಡುದೀಪದಲ್ಲಿ ಕಾಗದ ಹೇಗಿತ್ತೋ ಹಾಗೆಯೇ ಕೆಂಪು, ಹಸಿರು, ಹಳದಿ ಗಾಜುಗಳನ್ನು ಕೂರಿಸಿ, ಅಂಚಿಗೆ ಗಾಜು ಅಂಟಿಸುವ ಪುಟ್ಟಿ ಒತ್ತಿದಳು. ಒಳಗೆ ಅದೇ ಬಲ್ಬು ಬಂತು. ಅಜ್ಜಿ ಕೋಲೂರಿಕೊಂಡು ಗೇಟಿಗೆ ಬಂದು ಸುತ್ತಲೂ ನೋಡಿದರು.

“ಇದಕ್ಕೆ ಎಣ್ಣೆ ಉಂಟಾ?”

“ಇಲ್ಲ ಅತ್ತೆ.”

“ಹಗ್ಗದಲ್ಲಿ ಮೇಲೆ ಏರಿಸ್ತೀಯಾ?”

“ಇಲ್ಲ. ಕಂಬಕ್ಕೆ ಬೋಲ್ಟು ಹಾಕಿ ಬಿಗಿದದ್ದು.”

“ಹಾಗಾದ್ರೆ ಇದು ಗೂಡುದೀಪ ಅಲ್ಲ, ಗೂಡಿನೊಳಗಿನ ಬಲ್ಬು. ಎಣ್ಣೆ ಬತ್ತಿ ಇಲ್ಲದ ದೀಪಕ್ಕೆ ಪಿತೃಗಳು ಬರೂದಿಲ್ಲ. ಉರಿಸಿ,” ಎಂದು ತೀರ್ಪು ಕೊಟ್ಟು ಒಳಗೆ ಹೋದರು.

ಅಪ್ಪ ಒಂದು ಸಂಜೆಯ ಮಟ್ಟಿಗೆ ಒಪ್ಪಿದರು. ತಾವೇ ಪ್ಯಾರೀಸ್ ಕಾರ್ನರಿನಿಂದ ಬೇಗ ಹೊರಟು ಮೈಲಾಪುರದಲ್ಲಿ ನನ್ನ ಜೊತೆ ಬಸ್ಸು ಹತ್ತಿದರು. ಬಾಯಿ ಬಿಡಕೂಡದು, ಬಸ್ಸು ತಾನಾಗಿ ನಿಂತರೆ ಸರಿ ಎಂಬುದು ಅವರ ಷರತ್ತು. ಸೇತುವೆಯ ಮೇಲೆ ಬಂದಾಗ ನಾನು ಕಣ್ಣು ಮುಚ್ಚಿಕೊಂಡೆ. ಬ್ರೇಕಿನ ಸದ್ದು ಕೇಳಿಸಿತು. ಆಮೇಲೆ ಕಂಡಕ್ಟರ ದನಿ, ‘ಕಲರ್ ವಿಳಕ್ಕು ಇರಂಗು’. ನಾನು ಕಣ್ಣು ತೆರೆದಾಗ ನರ್ಸು ಆಗಲೇ ಇಳಿದು ಅಮ್ಮನ ಕೈ ಹಿಡಿದುಕೊಂಡಿದ್ದಳು. ಅಪ್ಪ ಇಳಿದು ದೀಪವನ್ನೂ ಅಮ್ಮನನ್ನೂ ನೋಡಿ, “ಭಾರಿ ಇದ್ದೀ ಮಾರಾಯ್ತಿ,” ಎಂದರು. ಅಮ್ಮನಿಗೆ ಅಷ್ಟು ನಾಚಿಕೆಯಾದದ್ದನ್ನು ನಾನು ಬೇರೆ ಯಾವತ್ತೂ ನೋಡಿಲ್ಲ.

ಹೈಯರ್ ಪಾಸಾದೆ. ಪ್ಯಾರೀಸ್ ಕಾರ್ನರಿನ ಒಂದು ಹಡಗಿನ ಸಾಮಾನಿನ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಮದುವೆಯ ಮಾತು ಬಂದಾಗಲೂ ಅಮ್ಮ, ಕೆಲಸ ಬಿಡಿಸದವರು ಮಾತ್ರ ಬರಲಿ ಎಂದಳು. ಪ್ರತಿ ಸಂಜೆ ಸ್ವಿಚ್ಚು ಒತ್ತುವುದು ಅವಳ ಕೆಲಸ. ಹಾಗೆಂದು ಕಾಗದದ ಗೂಡನ್ನು ಬಿಟ್ಟಳೆಂದಲ್ಲ. ದೀಪಾವಳಿ ಬಂದರೆ ಬಿದಿರು, ಅಂಟು, ಮೇಣ, ಮನೆಯೆಲ್ಲ ಗಲೀಜು, ಅವಳ ಮುಖದಲ್ಲಿ ಹದಿನಾರು ವರ್ಷದ ಕಳೆ. ಗಾಜಿನದನ್ನು ಯಾರೂ ತಲೆಯೆತ್ತಿ ನೋಡುತ್ತಿರಲಿಲ್ಲ, ಕಾಗದದ್ದನ್ನು ನೋಡಲು ಬಡಾವಣೆಯೇ ಸೇರುತ್ತಿತ್ತು. ನಾನು ಒಮ್ಮೆ ಇದನ್ನು ಅನ್ಯಾಯ ಎಂದೆ. “ದಿನಾ ಉಣ್ಣುವ ಗಂಜಿಯನ್ನು ಯಾರು ಹೊಗಳ್ತಾರೆ?” ಎಂದಳು ಅಮ್ಮ. “ಹಬ್ಬಕ್ಕೆ ಕಡುಬು ಬೇಕು. ಹಾಗಂತ ಗಂಜಿ ಬಿಡ್ಲಿಕ್ಕೆ ಆಗ್ತದಾ?”

ಅರವತ್ತರ ಡಿಸೆಂಬರಿನಲ್ಲಿ ಒಂದು ದಿನ ಬೆಳಗ್ಗಿನಿಂದ ಬಿರುಗಾಳಿ. ಆಫೀಸು ಬಿಟ್ಟು ಬಸ್ಸು ಹತ್ತುವಾಗಲೇ ಕರೆಂಟು ಹೋಗಿತ್ತು. ಅಂಗಡಿಗಳಿಲ್ಲ, ಡಿಪೋ ಇಲ್ಲ, ಮೈಲಾಪುರ ದಾಟಿದ ಮೇಲೆ ಲೋಕವೇ ಇಲ್ಲದ ಹಾಗೆ ಕತ್ತಲು. ನಮ್ಮ ಬಲ್ಬು ಹೇಗೆ ಉರಿದೀತು? ಕಾರ್ತಿಕ ಮುಗಿದು ಗೂಡು ಅಟ್ಟ ಸೇರಿತ್ತು. ನರ್ಸು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಹಳೆಯ ನಾಯಿಗಳೆಲ್ಲ ನನ್ನ ಕಣ್ಣ ಮುಂದೆ ಬಂದವು.

ಸೇತುವೆ ಇಳಿದೆವು. ಡ್ರೈವರು ಗಾಜು ಒರೆಸಿಕೊಂಡು ಮುಂದೆ ಬಾಗಿದರು. ದೂರದಲ್ಲಿ ಕೆಂಪಿನ ಒಂದು ಚುಕ್ಕೆ, ಪಕ್ಕದಲ್ಲಿ ಹಸಿರು. ಮಂಕಾಗಿ, ನಡುಗುತ್ತ, ಆದರೆ ಉರಿಯುತ್ತಿತ್ತು.

ಬಸ್ಸು ನಿಂತಿತು. ಗೇಟಿನಲ್ಲಿ ಅಮ್ಮ ಅಜ್ಜಿಯ ತಲೆಗೆ ಗೋಣಿ ಹೊದಿಸಿ ಹಿಡಿದುಕೊಂಡಿದ್ದಳು. ಲಾಂದ್ರದೊಳಗೆ, ಬಲ್ಬಿನ ಕೆಳಗೆ, ಅಜ್ಜಿಯ ದೇವರ ಕೋಣೆಯ ಹಣತೆ. ಎಣ್ಣೆ, ಬತ್ತಿ, ಎರಡೂ.

“ಇದು ಗೂಡುದೀಪವೇ ಆಯ್ತಲ್ಲ ಅಜ್ಜಿ, ಕಾರ್ತಿಕ ಮುಗಿದ ಮೇಲೆ,” ಎಂದೆ.

“ನಾನೇ ಹಚ್ಚಿದ್ದು,” ಎಂದರು ಅಜ್ಜಿ. ಚಳಿಗೆ ಅವರ ಹಲ್ಲು ಕಟಕಟಿಸುತ್ತಿತ್ತು. “ಪಿತೃಗಳು ಬಂದ್ರೆ ಬರ್ಲಿ. ಅಡುಗೆ ನಾನು ಮಾಡ್ತೇನೆ. ನೀನು ಒಳಗೆ ನಡಿ, ತಲೆ ಒರೆಸಿಕೊ.”