ಅತ್ತಿಗೆಯ ಮೈಕ್ರೋಕರ್ನಲ್

ಅಟ್ಟದ ಮೇಲಿದ್ದ ಹಳೆಯ ಲ್ಯಾಪ್‌ಟಾಪನ್ನು ಹೋದ ವಾರ ಅರಸೀಕೆರೆ ಪೇಟೆಯ ರಿಪೇರಿ ಅಂಗಡಿಗೆ ಒಯ್ದಿದ್ದೆ. ಅಂಗಡಿಯಾತ ಹಿಂದಿನ ಮುಚ್ಚಳ ಬಿಚ್ಚಿ, ಬ್ರಷ್ಷಿನಿಂದ ಫ್ಯಾನಿನ ಧೂಳು ಕೆಡವಿದ. ಕೊಬ್ಬರಿಯ ವಾಸನೆ ಬಂತು. ನಮ್ಮ ಮನೆಗೆ ಅಂಟಿಕೊಂಡೇ ಅಣ್ಣನ ಕೊಬ್ಬರಿ ಗೋದಾಮು. ಅಲ್ಲಿನ ಧೂಳು ಇಷ್ಟು ವರ್ಷ ಅದರೊಳಗೆ ಹಾಗೇ ಕೂತಿತ್ತು. “ಯಾರದಕ್ಕಾ ಇದು?” ಎಂದ. ನಮ್ಮತ್ತಿಗೆದು ಎಂದೆ.

ಅತ್ತಿಗೆ ಹಗರೆ ಕಡೆಯವರು. ಹಾಸನದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದರು. ಬೆಳಗಿನ ರೈಲಿಗೆ ಹೋಗಿ, ಸಂಜೆ ಬಂದು ಮುದ್ದೆ ತೊಳಸಿಟ್ಟು, ಆಮೇಲೆ ತಮ್ಮ ಪಿಎಚ್.ಡಿ. ಕೆಲಸಕ್ಕೆ ಕೂರುತ್ತಿದ್ದರು. ಅಮ್ಮ ಆಗಲೇ ತೀರಿಹೋಗಿದ್ದರು. ನಾನು ಬಿ.ಎಡ್. ಮುಗಿಸಿ ಮನೆಯಲ್ಲಿದ್ದೆ, ಅತ್ತಿಗೆಯ ಪಕ್ಕ ಕೂತು ತಲೆ ತಿನ್ನುವುದೇ ನನ್ನ ಉದ್ಯೋಗ.

ಅವರ ಕೆಲಸ ನನಗೆ ಅರ್ಥವಾದದ್ದು ಇಷ್ಟು. ಕಂಪ್ಯೂಟರಿನೊಳಗೆ ಕರ್ನಲ್ ಎಂಬ ಯಜಮಾನ ಪ್ರೋಗ್ರಾಮು ಇರುತ್ತದೆ. ಸಾಮಾನ್ಯವಾಗಿ ಕೀಬೋರ್ಡು, ಡಿಸ್ಕು, ನೆಟ್‌ವರ್ಕು ನೋಡಿಕೊಳ್ಳುವ ಪ್ರೋಗ್ರಾಮುಗಳೆಲ್ಲ ಅದರ ಜೊತೆ ಒಂದೇ ಕೋಣೆಯಲ್ಲಿರುತ್ತವೆ. ಒಂದು ಕೆಟ್ಟರೆ ಎಲ್ಲವನ್ನೂ ಕೆಡಿಸುತ್ತದೆ. ಮೈಕ್ರೋಕರ್ನಲ್‌ನಲ್ಲಿ ಒಂದೊಂದಕ್ಕೂ ಬೇರೆ ಕೋಣೆ, ನಡುವೆ ಗೋಡೆ. ಒಂದು ಬಿದ್ದರೂ ಪಕ್ಕದ್ದು ಕ್ಷೇಮ. ಆದರೆ ಆಡುವ ಪ್ರತಿ ಮಾತೂ ಕರ್ನಲ್ ಮೂಲಕವೇ ಹೋಗಬೇಕು. ಅದು ಈ ಕೋಣೆಯ ಮಾತನ್ನು ನಕಲು ಮಾಡಿಕೊಂಡು, ಸಾಲಿನಲ್ಲಿಟ್ಟು, ಸರದಿ ಬಂದಾಗ ಮತ್ತೆ ನಕಲು ಮಾಡಿ ಆ ಕೋಣೆಗೆ ಕೊಡುತ್ತದೆ. ಅಲ್ಲಿ ಹೊತ್ತು ಹೋಗುತ್ತದೆ. ಆ ಹೊತ್ತನ್ನು ಉಳಿಸುವುದೇ ಅತ್ತಿಗೆಯ ಕೆಲಸವಾಗಿತ್ತು.

“ನಮ್ಮನೇಲಿ ನೀನೇ ಕರ್ನಲ್ ಕಣೇ,” ಎಂದು ನಗುತ್ತಿದ್ದರು. ನಿಜ. ನಮ್ಮಲ್ಲಿ ಸೊಸೆ ಮಾವನ ಜೊತೆ ನೇರ ಮಾತಾಡುವ ವಾಡಿಕೆಯಿರಲಿಲ್ಲ. ಕಾಲೇಜಿನಲ್ಲಿ ಒಂದು ಕ್ಲಾಸು ಹುಡುಗರ ಬಾಯಿ ಮುಚ್ಚಿಸುವ ಅತ್ತಿಗೆ, ಮಾವನಿಗೆ ಇನ್ನಷ್ಟು ಸಾರು ಬೇಕೇ ಎಂದು ಕೇಳಲು ನನ್ನನ್ನು ಕಳಿಸುತ್ತಿದ್ದರು. ಅಪ್ಪ “ಸಾಕು ಅನ್ನು” ಎನ್ನುವರು. ಅಡುಗೆಮನೆಗೆ ಅದು ಚೆನ್ನಾಗಿಯೇ ಕೇಳಿಸುತ್ತಿತ್ತು. ಆದರೂ ನಾನು ಎದ್ದು ಹೋಗಿ ಹೇಳಿದ ಮೇಲೇ ಅತ್ತಿಗೆ ಸೌಟು ಕೆಳಗಿಡುವುದು. ಆ ದೊಡ್ಡಸ್ತಿಕೆ ನನಗೆ ಬಲು ಇಷ್ಟವಾಗಿತ್ತು.

ಅಂಥದರಲ್ಲಿ ಅವರ ಗೈಡು, ಕರಾವಳಿಯ ತಮ್ಮ ಲ್ಯಾಬಿಗೆ ಬಂದು ಒಂದು ವರ್ಷ ಇದ್ದು ಕೆಲಸ ಮಾಡದಿದ್ದರೆ ಪಿಎಚ್.ಡಿ. ಮುಗಿಯುವುದಿಲ್ಲ ಎಂದುಬಿಟ್ಟರು. ಕಾಲೇಜು ರಜೆ ಕೊಟ್ಟಿತು. ಅಣ್ಣ, “ಅಪ್ಪ ಹ್ಞೂಂ ಅಂದ್ರೆ ನಂದೇನಿಲ್ಲ,” ಎಂದ. ಅಪ್ಪನ ಬಳಿ ವಿಷಯ ಒಯ್ದವಳು ನಾನು. “ನೋಡಾನ ಅನ್ನು,” ಎಂದರು. ಮತ್ತೆ ಒಯ್ದೆ. ಮತ್ತೆ ಅದೇ ನೋಡಾನ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವ ಹಾಗಾಯಿತು. ಹೊರಡುವ ಗಡುವು ಹತ್ತಿರ ಬಂದಂತೆ ಅತ್ತಿಗೆ ಸೊರಗಿಹೋದರು.

ಒಂದು ಭಾನುವಾರ ಮಧ್ಯಾಹ್ನ ಲ್ಯಾಪ್‌ಟಾಪಿನ ಮುಂದೆ ಕೂತಿದ್ದವರು ನನ್ನ ತೋಳು ಹಿಡಿದೆಳೆದರು. “ಕೇಳೋನು ಆಗ್ಲೇ ಕಾಯ್ತಾ ಕೂತಿದಾನೆ ಅಂದ್ಮೇಲೆ ಮಾತನ್ನ ಸಾಲಲ್ಲಿ ಇಡೋದ್ಯಾಕೆ? ಸಣ್ಣ ಮಾತಾದ್ರೆ ನಕಲೂ ಬೇಡ. ಕೈಯಿಂದ ಕೈಗೇ ಕೊಟ್ಟು, ಅವನನ್ನೇ ಎಬ್ಬಿಸೋದು.”

“ಗೋಡೆ ಒಡೆದಂಗಾಗಲ್ವಾ ಅತ್ತಿಗೆ?”

“ಗೋಡೆ ಇದ್ದಂಗೇ ಇರುತ್ತೆ ಕಣೇ. ಸುತ್ತಾಟ ಮಾತ್ರ ಕಮ್ಮಿ.”

ಓಡಿಸಿ ನೋಡಿದರು. ಹಳೆಯದಕ್ಕಿಂತ ಎಷ್ಟೋ ಬೇಗ ಮಾತು ಮುಟ್ಟುತ್ತಿತ್ತು. ಮುಖ ಅರಳಿತು, ಆಮೇಲೆ ಜಗಲಿಯ ಕಡೆ ನೋಡಿ ಕಾಫಿಗಿಡಲು ಎದ್ದರು.

ಅಪ್ಪ ಜಗಲಿಯಲ್ಲಿ ಕಾಫಿಗೆ ಕಾಯುತ್ತಿದ್ದರು. ಲೋಟಕ್ಕೆ ನಾನು ಕೈಚಾಚಿದೆ, ಅತ್ತಿಗೆ ಕೊಡಲಿಲ್ಲ. ತಾವೇ ಒಯ್ದು ಹೊಸ್ತಿಲ ಮೇಲಿಟ್ಟು, ಬಾಗಿಲ ಮರೆಯಲ್ಲಿ ನಿಂತರು. “ಮಾವ, ನಾನು ಒಂದ್ವರ್ಷ ಹೋಗ್ಬತ್ತೀನಿ. ನೀವು ಹ್ಞೂಂ ಅನ್ಬೇಕು.” ಅಪ್ಪ ಬೀದಿ ಕಡೆಯಿಂದ ಮುಖ ತಿರುಗಿಸಲಿಲ್ಲ. “ಯಾವತ್ತು ಹೊರಡ್ಬೇಕವ್ವ?” ಎಂದರು.

ಆಮೇಲೆ ಅಪ್ಪ ನನ್ನೊಬ್ಬಳ ಹತ್ತಿರ ಹೇಳಿದ್ದು: “ಅಷ್ಟು ದೂರ ಹೋಗೋಳು, ಇಷ್ಟು ಹತ್ರ ಇರೋನ್ನ ಒಂದ್ಮಾತು ಕೇಳಕ್ಕಾಗಲ್ವಾ ಅಂತ ಕಾಯ್ತಿದ್ದೆ ಕಣೇ.”

ಹೊರಡುವವರೆಗೂ ದಿನಾ ಸಂಜೆ ಅವರಿಬ್ಬರ ಮಾತು ನಡೆಯಿತು, ಬಾಗಿಲ ಆಚೆ ಒಬ್ಬರು, ಈಚೆ ಒಬ್ಬರು. ಕೊಬ್ಬರಿ ಧಾರಣೆ, ಜಾವಗಲ್ ಕಡೆ ಬಾರದ ಮಳೆ, ತಡವಾದ ರೈಲು. ನನ್ನ ಕೆಲಸ ಹೋಯಿತು. ಖುಷಿಯಾಗಿತ್ತು, ಹೊಟ್ಟೆಕಿಚ್ಚೂ ಆಗಿತ್ತು.

ಅತ್ತಿಗೆ ಹೋದರು, ಕೆಲಸ ಮುಗಿಸಿ ಬಂದರು. ಮಾರನೇ ವರ್ಷ ಕಾಯಿಲೆ ಬಿದ್ದವರು ಏಳಲಿಲ್ಲ. ಅದನ್ನು ಹೆಚ್ಚು ಬರೆಯಲಾರೆ...

ನಿನ್ನೆ ಊಟಕ್ಕೆ ಕೂತಾಗ ಅಪ್ಪ ಇದ್ದಕ್ಕಿದ್ದಂತೆ, “ಅವಳು ಮಾಡ್ತಿದ್ದ ಕೆಲ್ಸ ಅದೇನೇ?” ಎಂದು ಕೇಳಿದರು. ತಿಳಿದಷ್ಟು ಹೇಳಿದೆ. ತುತ್ತು ಕೈಯಲ್ಲೇ ಹಿಡಿದು ಕೇಳಿಸಿಕೊಂಡರು.

“ಸಣ್ಣ ಮಾತು ಕೈಯಿಂದ ಕೈಗೆ ಹೋಯ್ತು ಸರಿ. ದೊಡ್ಡ ಮಾತಿದ್ರೆ ಏನ್ಮಾಡ್ತಿದ್ಲು?”

ನನಗೆ ಗೊತ್ತಿರಲಿಲ್ಲ.

“ದಿನಾ ಮಾತಾಡ್ತಿದ್ವಿ,” ಎಂದರು ಅಪ್ಪ. “ಇದನ್ನೊಂದು ಕೇಳ್ಲಿಲ್ಲ ನೋಡು.”

“ತಡಿಯಪ್ಪ, ಅತ್ತಿಗೆನ ಕೇಳ್ಕಂಡ್ ಬತ್ತೀನಿ,” ಎಂದು ಅಡುಗೆಮನೆ ಕಡೆ ತಿರುಗಿ ನಾನು ಎದ್ದೇಬಿಟ್ಟಿದ್ದೆ.