ಹನ್ನೊಂದು ಬಿಳಿ, ಒಂದು ತಿಳಿ

ವಿನ್ನಿಪೆಗ್‌ನ ಒಂದು ಆಸ್ಪತ್ರೆಯ ಐದನೇ ಮಹಡಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ನರ್ಸ್ ಆಗಿದ್ದ ಫೆಲಿಸಿದಾದ್ ಮಗ್ಸುಂಬೋಲ್‌ಗೆ ಹೆತ್ತವರು ಇಟ್ಟ ಹೆಸರಿನ ಅರ್ಥ ಸಂತೋಷ. ಹೆಸರಿಟ್ಟವರಿಗೇನು, ಇಟ್ಟು ಕೈತೊಳೆದುಕೊಂಡರು. ಅದನ್ನು ಹೊತ್ತು ತಿರುಗುವ ಕೆಲಸ ಇವಳ ಪಾಲಿಗೆ ಬಂತು. ವಾರ್ಡಿನ ಹನ್ನೆರಡು ನರ್ಸುಗಳಲ್ಲಿ ಅವಳೇ ಹಿರಿಯಳು, ಉಳಿದ ಹನ್ನೊಂದು ಮಂದಿಗೂ ಫೆಲಿ ಅಕ್ಕ. ಲಿಫ್ಟಿನ ಬಾಗಿಲು ತೆರೆಯುವ ಮೊದಲೇ ಅವಳ ನಗು ಕೇಳಿಸುತ್ತಿತ್ತು. ಸೂಜಿ ಚುಚ್ಚಲು ರಕ್ತನಾಳ ಸಿಗದಿದ್ದರೆ ಬೇರೆ ಮಹಡಿಯವರೂ ಅವಳನ್ನೇ ಕರೆಯುತ್ತಿದ್ದರು. ರೋಗಿಯ ಮೊಣಕೈಗೆ ಎರಡು ಸಲ ತಟ್ಟಿ, "ಬಾರೇ ಹೊರಗೆ, ನಾಚ್ಕೋಬೇಡ," ಎಂದರೆ ನಾಳ ಎದ್ದು ಬರುತ್ತಿತ್ತು. ನಂಬದವರು ಬೇರೆ ಆಸ್ಪತ್ರೆಗೆ ಹೋಗಬಹುದು.

ಆದರೆ ಆ ನವೆಂಬರಿನಲ್ಲಿ ಫೆಲಿಗೆ ಒಂದು ಗುಟ್ಟಿತ್ತು. ಎರಡು ತಿಂಗಳಿಂದ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಏಳು ಮಂದಿಯ ಕೆಲಸವನ್ನು ನಾಲ್ವರು ಮಾಡುವ ಕಾಲ. ಹನ್ನೆರಡು ಗಂಟೆ ದುಡಿದು ಕೋಟಿಗೆ ಒಂದು ತೋಳು ಹಾಕುವಷ್ಟರಲ್ಲಿ, ಇನ್ನು ನಾಲ್ಕು ಗಂಟೆ ಇರಬೇಕು ಎಂಬ ಅಪ್ಪಣೆ. ಅವಳು ಔಷಧಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಮೂರು ನಿಮಿಷ ಅಳುತ್ತಿದ್ದಳು, ಲಿಪ್‌ಸ್ಟಿಕ್ ಸರಿಮಾಡಿಕೊಂಡು ನಗುತ್ತ ಹೊರಬರುತ್ತಿದ್ದಳು. ಮೂರೇ ನಿಮಿಷ, ಯಾಕೆಂದರೆ ನಾಲ್ಕನೆಯದರಲ್ಲಿ ಯಾರಾದರೂ ರೋಗಿ ಗಂಟೆ ಒತ್ತುತ್ತಿದ್ದರು. ಯಾಕೆ ಅಳು ಬರುತ್ತದೆಂದು ಅವಳಿಗೇ ತಿಳಿಯದು. ತಿಳಿದದ್ದು ಇಷ್ಟೇ, ಇದು ಯಾರಿಗೂ ಗೊತ್ತಾಗಕೂಡದು. ಎಲ್ಲರನ್ನೂ ನಗಿಸುವವಳೇ ಅಳುತ್ತಾಳೆಂದರೆ ಉಳಿದವರ ಗತಿಯೇನು?

ಇಂಥ ಹೊತ್ತಿಗೆ ವಿಶ್ವವಿದ್ಯಾಲಯದಿಂದ ಡಾಕ್ಟರ್ ಸಿಗ್ರೂನ್ ಬಂದಳು. ಎತ್ತರದ ಹುಡುಗಿ, ಕೈಯಲ್ಲಿ ಸಣ್ಣ ಗಾಜಿನ ಕೊಳವೆಗಳ ಪೆಟ್ಟಿಗೆ. ವಾರ್ಡಿನವರೆಲ್ಲ ಒಪ್ಪಿ, ಎಲ್ಲರ ರಕ್ತವೂ ಸರಿಯಾಗಿ ಸಿಕ್ಕರೆ ಬೆನ್ನು ಒತ್ತುವ ಮಸಾಜ್ ಕುರ್ಚಿಯೊಂದು ಬಹುಮಾನವೆಂದಳು. ಫೆಲಿ ಪೂರ್ತಿ ಕೇಳಿಸಿಕೊಳ್ಳದೆ, "ನನ್ನ ರಕ್ತ ಹಾಕಿದ್ರೆ ನಿಮ್ಮ ಮೆಷಿನ್ನೇ ನಗುತ್ತೆ ನೋಡಿ," ಎಂದು ಮೊದಲ ಸಹಿ ಹಾಕಿಬಿಟ್ಟಳು. ಬಾಯಿ ಮುಂದೆ, ಬುದ್ಧಿ ಹಿಂದೆ.

"ಕೆಲಸದ ಒತ್ತಡದಿಂದ ಬರೋ ಖಿನ್ನತೆಗೆ ರಕ್ತದಲ್ಲಿ ಗುರುತು ಇದೆಯಾ ಅಂತ ನಾವು ನೋಡ್ತೀವಿ," ಎಂದಳು ಸಿಗ್ರೂನ್. "ಬಾಯಿ ಸುಳ್ಳು ಹೇಳಬಹುದು, ರಕ್ತ ಹೇಳಲ್ಲ. ಕೊಳವೆ ಮೇಲೆ ಹೆಸರಿರಲ್ಲ, ಬರೀ ನಂಬರು. ಅಂಕಿ ಜಾಸ್ತಿ ಬಂದ ನಂಬರಿನವರನ್ನ ಮಾತ್ರ ಕರೆದು ಮಾತಾಡ್ತೀನಿ."

"ಎಲ್ಲಿಗೆ ಕರೀತೀರಿ?" ಎಂದಳು ಫೆಲಿ.

"ಅಲ್ಲೇ, ಆ ಗಾಜಿನ ಕೋಣೆಗೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಫೆಲಿ ಲಿಪ್‌ಸ್ಟಿಕ್ ಮುಟ್ಟಿ ನೋಡಿಕೊಂಡಳು. ಗಾಜಿನ ಕೋಣೆ ಇದ್ದದ್ದು ವಾರ್ಡಿನ ನಟ್ಟನಡುವೆ. ಅಲ್ಲಿ ಕೂತವರು ಸೀನಿದರೂ ಊರಿಗೆಲ್ಲ ಸುದ್ದಿ.

ಸಿಗ್ರೂನ್ ಮುಂದುವರಿಸಿದಳು. "ಶನಿವಾರ ಮಧ್ಯಾಹ್ನ ಮೂರಕ್ಕೆ ರಕ್ತ ತಗೋತೀನಿ. ಬೆಳಿಗ್ಗೆ ಆರರಿಂದ ನೀರು ಬಿಟ್ಟು ಏನೂ ಮುಟ್ಟಬೇಡಿ. ಜಿಡ್ಡಿನ ಊಟ ಮಾಡಿದ್ರೆ ರಕ್ತದ ಮೇಲೆ ನಿಲ್ಲೋ ತಿಳಿ ಹಾಲಿನ ಥರ ಬೆಳ್ಳಗಾಗಿ ಪರೀಕ್ಷೆನೇ ಕೆಟ್ಟುಹೋಗುತ್ತೆ."

ಆ ಕ್ಷಣ ಫೆಲಿಯ ತಲೆಯಲ್ಲಿ ದೀಪ ಹತ್ತಿತು. ತನ್ನೊಬ್ಬಳ ರಕ್ತ ಕೆಟ್ಟರೆ ಅನುಮಾನ ಬಂದೀತು, ಎಲ್ಲರದೂ ಕೆಟ್ಟರೆ? ಪೆಟ್ಟಿಗೆಗೆ ಪೆಟ್ಟಿಗೆಯೇ ಚರಂಡಿಗೆ. ಈ ವಾರ್ಡಿನಲ್ಲಿ ಸಾವನ್ನು ಬೇಡವೆಂದವರಿದ್ದರು, ತಟ್ಟೆಯನ್ನು ಬೇಡವೆಂದವರು ಹುಟ್ಟಿರಲಿಲ್ಲ. ಅದರಲ್ಲೂ ಹಬ್ಬ ಮಾಡುವವರು ಕೈಯಾರೆ ಕೊಟ್ಟಿದ್ದನ್ನು ನಿರಾಕರಿಸುವುದೆಂದರೆ ಈ ನರ್ಸುಗಳಿಗೆ ಅಪಶಕುನ.

ಶನಿವಾರ ಬೆಳಿಗ್ಗೆ ಅವಳು ಮೂರು ದೊಡ್ಡ ಪಾತ್ರೆ ಹೊತ್ತು ಬಂದಳು. ಗರಿಗರಿಯಾಗಿ ಕರಿದ ಹಂದಿಯ ಹೊಟ್ಟೆಮಾಂಸ, ಅವಳ ತಾಯ್ನಾಡಿನ ರೀತಿ ಮಾಂಸ ತುಂಬಿ ಕರಿದ ನೂರು ಲುಂಪಿಯಾ ಸುರುಳಿ, ಹನ್ನೆರಡು ಮೊಟ್ಟೆಯ ಹಳದಿ ಹಾಕಿದ ಲೆಚೆ ಫ್ಲಾನ್ ಎಂಬ ಹಾಲಿನ ಸಿಹಿ. ಸಾಲದೆಂಬಂತೆ ಪನ್ಸಿತ್ ಶಾವಿಗೆಯೂ ಇತ್ತು.

ಪಕ್ಕದಲ್ಲೇ ನಿಂತಿದ್ದ ಚೋನಾ ಹೌಹಾರಿದಳು. ಹತ್ತು ವರ್ಷದಿಂದ ಫೆಲಿಯ ಜೋಡಿಯಾಗಿ ದುಡಿದವಳು ಅವಳು. "ಅಕ್ಕಾ, ತಲೆ ಕೆಟ್ಟಿದೆಯಾ? ಡ್ಯೂಟಿ ಮೇಲೆ ಪನ್ಸಿತ್ ತಿಂದ್ರೆ ರೋಗಿಗಳು ಶಾವಿಗೆ ಥರಾನೇ ಉದ್ದಕ್ಕೆ ಸಾಲುಗಟ್ಟಿ ಬರ್ತಾರೆ!"

"ಹಬ್ಬ ಕಣೇ, ಪನ್ಸಿತ್ ಇಲ್ದೆ ಇರುತ್ತಾ? ನಾನು ಕೆನಡಾಕ್ಕೆ ಬಂದಿಳಿದ ದಿನ ಇವತ್ತು."

ಅದೇ ಬಂದಿಳಿದ ದಿನದ ಊಟವನ್ನು ಮೇ ತಿಂಗಳಲ್ಲೂ ಉಂಡದ್ದು ಎಲ್ಲರಿಗೂ ನೆನಪಿತ್ತು. ಆದರೆ ಕರಿದ ಹಂದಿ ಎದುರಿಗಿರುವಾಗ ಪಂಚಾಂಗ ಯಾರಿಗೆ ಬೇಕು? ಡಾಕ್ಟರ ಮಾತೂ ನೆನಪಿತ್ತು. ನನ್ನದೊಂದು ತುಂಡಿನಿಂದ ಏನಾದೀತು ಎಂದು ಪ್ರತಿಯೊಬ್ಬರೂ ಬೇರೆಬೇರೆಯಾಗಿ, ಗುಟ್ಟಾಗಿ, ಏಳೆಂಟು ತುಂಡು ತಿಂದರು. ರಜೆಯಲ್ಲಿದ್ದು ಮೂರಕ್ಕೆ ಬರಬೇಕಿದ್ದ ಎಂಟು ಮಂದಿ ಹನ್ನೊಂದು ಗಂಟೆಗೇ ಹಾಜರಾದರು. ವಿಲ್ಫ್ರೆದೋ ಎಂಬ ಆನೆಯಂಥ ನರ್ಸು ಎರಡನೇ ಸುತ್ತಿಗೆ ಬಂದು, "ಒತ್ತಡ ಅಕ್ಕಾ, ಒತ್ತಡ," ಎನ್ನುತ್ತ ತಟ್ಟೆ ಒಡ್ಡಿದ. ಪನ್ಸಿತ್ ಪಾತ್ರೆಯ ಮುಚ್ಚಳ ತೆಗೆದ ಅರ್ಧ ಗಂಟೆಯೊಳಗೆ ಹೊಸ ರೋಗಿಗಳು ನಾಲ್ವರು ಬಂದರು. ಶಾಸ್ತ್ರ ಸುಳ್ಳಾಗುತ್ತದೆಯೇ?

ಫೆಲಿ ತನಗೂ ಒಂದು ತಟ್ಟೆ ಹಾಕಿಕೊಂಡಳು. ಒಂದು ಲುಂಪಿಯಾ ಕಚ್ಚಿದಳು. ಅದು ಬಾಯಲ್ಲಿ ರಟ್ಟಿನ ಚೂರಾಯಿತು. ನುಂಗಲಾಗದೆ ಕರವಸ್ತ್ರಕ್ಕೆ ಉಗುಳಿದಳು. ತಟ್ಟೆ ಮುಚ್ಚಿ, ಆಮೇಲೆ ತಿಂತೀನಿ ಎಂದು ಫ್ರಿಜ್ಜಿನಲ್ಲಿಟ್ಟಳು. ಹೋಗಲಿ, ಹನ್ನೊಂದು ಕೆಟ್ಟಮೇಲೆ ಹನ್ನೆರಡನೆಯದನ್ನು ಯಾರು ನೋಡುತ್ತಾರೆ?

ಆದರೆ ಲೆಕ್ಕ ಒಂದು ಕಡೆ ತಪ್ಪಿತ್ತು. ಕೊಳವೆಗಳು ದೂರದ ಪ್ರಯೋಗಾಲಯಕ್ಕೆ ಹೋಗುತ್ತವೆಂದು ಅವಳು ಎಣಿಸಿದ್ದಳು. ಸಿಗ್ರೂನ್ ಮೂರೂವರೆಗೆ ರಕ್ತ ತೆಗೆದು ಮುಗಿಸಿದವಳೇ ನರ್ಸುಗಳ ಊಟದ ಕೋಣೆಯ ಮೇಜಿನ ಮೇಲೆ ಸಣ್ಣ ಯಂತ್ರ ಇಟ್ಟು, ಎಲ್ಲರ ಎದುರೇ ಕೊಳವೆಗಳನ್ನು ಗಿರಗಿರ ತಿರುಗಿಸಿ, ಸಾಲಾಗಿ ನಿಲ್ಲಿಸಿದಳು.

ಕೊಳಕ್ಕೆ ಹಾಲು ತನ್ನಿ ಎಂದರೆ ಊರೆಲ್ಲ ನೀರು ತಂದ ಕಥೆಯಿದೆಯಲ್ಲ, ಇಲ್ಲಿ ಅದು ತಲೆಕೆಳಗಾಯಿತು. ಕೊಳವೆಗಳ ತಳದಲ್ಲಿ ಕೆಂಪು, ಮೇಲೆ ಬೆಳ್ಳನೆಯ ಹಾಲು.

"ಇದೇನ್ರೀ ಇದು! ಎಲ್ಲರೂ ಊಟ ಮಾಡಿದ್ದೀರಾ?"

"ಊಟ ಅಲ್ಲ ಡಾಕ್ಟ್ರೇ, ಬರೀ ರುಚಿ ನೋಡಿದ್ದು," ಎಂದ ವಿಲ್ಫ್ರೆದೋ. ಅವನ ಕೊಳವೆಯಲ್ಲಿ ಇನ್ನು ಸ್ವಲ್ಪ ಹೊತ್ತಿಗೆ ಕೆನೆ ಕಟ್ಟುವಂತಿತ್ತು.

"ಒಬ್ರು ಮಾತ್ರ ಮಾತು ಉಳಿಸ್ಕೊಂಡಿದ್ದಾರೆ. ನಂಬರ್ ಒಂಬತ್ತು." ಸಿಗ್ರೂನ್ ಒಂದು ಕೊಳವೆ ಎತ್ತಿ ಹಿಡಿದಳು. ಅದರ ಮೇಲಿನ ತಿಳಿ ಹೊಂಬಣ್ಣದ ಗಾಜಿನಂತಿತ್ತು. "ಯಾರಿದು? ಅವರಿಗೆ ನನ್ನ ಲೆಕ್ಕದಲ್ಲಿ ಕಾಫಿ."

"ಯಾರಪ್ಪಾ ಈ ಸಂತರು?" ಎಂದು ಎಲ್ಲರೂ ಮುಖಮುಖ ನೋಡಿಕೊಂಡರು. ನಂದು ನಾಲ್ಕು, ನಂದು ಹನ್ನೊಂದು ಎಂದು ತಮ್ಮ ತಮ್ಮ ಪಾಪ ಒಪ್ಪಿಕೊಂಡರು. ಕೊನೆಗೆ ಬಾಯಿ ಬಿಡದೆ ಉಳಿದವಳು ಫೆಲಿ ಒಬ್ಬಳೇ.

ಚೋನಾ ನಗುತ್ತಲೇ ತಿರುಗಿದವಳು ನಗು ನಿಲ್ಲಿಸಿದಳು. ನೇರ ಫ್ರಿಜ್ಜಿಗೆ ಹೋಗಿ ಮುಚ್ಚಿದ ತಟ್ಟೆ ಹೊರತೆಗೆದಳು. ಅದರ ಕೆಳಗೆ ಶುಕ್ರವಾರದ ಡಬ್ಬಿ, ಅದರ ಕೆಳಗೆ ಬುಧವಾರದ್ದು. ಎಲ್ಲದರ ಮೇಲೂ ಫೆಲಿಯ ಹೆಸರು, ಯಾವುದರಲ್ಲೂ ತುತ್ತು ಕಡಿಮೆಯಾಗಿರಲಿಲ್ಲ.

"ಅಕ್ಕಾ, ಬೆಳಿಗ್ಗೆ ಏನ್ ತಿಂದೆ?"

"ಕಾಫಿ."

"ನಿನ್ನೆ?"

"ಡಯೆಟ್ ಕಣೇ, ಬೇಸಿಗೇಲಿ ಬಿಕಿನಿ ಹಾಕ್ಬೇಕಲ್ಲ," ಎಂದು ಫೆಲಿ ತನ್ನ ದೊಡ್ಡ ನಗು ನಕ್ಕಳು. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಅವಳ ಜೊತೆ ಯಾರೂ ನಗಲಿಲ್ಲ. ಒಂಟಿ ನಗು ಎಷ್ಟು ಹೊತ್ತು ನಿಂತೀತು? ಅದು ಅರ್ಧಕ್ಕೇ ಬಿರುಕು ಬಿಟ್ಟು ಅಳುವಾಯಿತು. ಔಷಧಿ ಕೋಣೆಯ ಮೂರು ನಿಮಿಷದ ಅಳುವಲ್ಲ, ಎರಡು ತಿಂಗಳು ಬಾಕಿ ಉಳಿದದ್ದೆಲ್ಲ ಒಟ್ಟಿಗೆ ಬಂತು.

ಹೊರಗೆ ಯಾರೋ ರೋಗಿ ಗಂಟೆ ಒತ್ತಿದರು. ಅಭ್ಯಾಸಬಲದಿಂದ ಫೆಲಿ ಎದ್ದಳು. ವಿಲ್ಫ್ರೆದೋ ಅವಳ ಭುಜ ಒತ್ತಿ ಕೂರಿಸಿದ.

"ಗಂಟೆ ನಾನು ನೋಡ್ಕೋತೀನಿ. ನೀನು ಅಳು ಅಕ್ಕಾ."

ಸಿಗ್ರೂನ್ ಅವಳ ಪಕ್ಕ ಕುಕ್ಕರಿಸಿದಳು. "ಉಪವಾಸ ಅಂದ ದಿನಾನೇ ಯಾಕೆ ಊಟ ಹಾಕಿಸಿದ್ರಿ?"

"ನಿಮ್ಮ ಪರೀಕ್ಷೆ ಕೆಡಿಸೋಕೆ, ಡಾಕ್ಟ್ರಮ್ಮಾ. ನನ್ನದು ಗೊತ್ತಾಗ್ಬಾರದು ಅಂತ."

ಸಿಗ್ರೂನ್ ಕೊಳವೆಗಳ ಸಾಲನ್ನೂ ಡಬ್ಬಿಗಳ ಸಾಲನ್ನೂ ನೋಡಿದಳು. "ನಾಲ್ಕು ವರ್ಷದಿಂದ ರಕ್ತದಲ್ಲಿ ಗುರುತು ಹುಡುಕ್ತಾ ಇದ್ದೀನಿ. ಫ್ರಿಜ್ ತೆಗೆದು ನೋಡ್ಬೇಕು ಅಂತ ಹೊಳೀಲೇ ಇಲ್ಲ."

ಫೆಲಿಗೆ ಎಂಟು ವಾರ ರಜೆ ಸಿಕ್ಕಿತು, ದಿನಕ್ಕೊಂದು ಮಾತ್ರೆ ಸಿಕ್ಕಿತು, ಮನಸ್ಸಿನ ಡಾಕ್ಟರ ಮುಂದೆ ವಾರಕ್ಕೊಂದು ಗಂಟೆ ಅಳಲು ಕುರ್ಚಿ ಸಿಕ್ಕಿತು. ಹನ್ನೊಂದು ಮಂದಿ ಸರದಿಯ ಪಟ್ಟಿ ಹಾಕಿಕೊಂಡು ಅವಳ ಮನೆಗೆ ಹೋಗಿ, ಎದುರು ಕೂತು, ಅವಳು ನುಂಗುವವರೆಗೆ ಎದ್ದು ಬರುತ್ತಿರಲಿಲ್ಲ. ಮೊದಲ ವಾರ ನಾಲ್ಕು ಚಮಚ ಗಂಜಿ. ಮೂರನೇ ವಾರ, ಗಂಜಿಗೆ ಶುಂಠಿ ಕಡಿಮೆಯಾಯಿತೆಂದು ಚೋನಾಳನ್ನು ಬೈದಳು. ಆ ಬೈಗುಳವನ್ನು ಚೋನಾ ವಾರ್ಡಿನಲ್ಲೆಲ್ಲ ಹೇಳಿಕೊಂಡು ಬಂದಳು.

ಜನವರಿ ಕೊನೆಗೆ ಸಿಗ್ರೂನ್ ಮತ್ತೆ ಬಂದಳು. ಎಲ್ಲರದೂ ಸರಿಯಾದರೆ ಕುರ್ಚಿ ಈಗಲೂ ಉಂಟು ಎಂದಳು. ಈ ಸಲ ಹನ್ನೊಂದು ಮಂದಿಯೂ ಬಾಡಿದ ಬದನೆಕಾಯಿಯ ಮುಖ ಹೊತ್ತು ನಿಜವಾಗಿ ಉಪವಾಸವಿದ್ದರು. ಯಂತ್ರ ತಿರುಗಿ ನಿಂತಿತು. ಹನ್ನೊಂದು ಕೊಳವೆ ಶುದ್ಧ ತಿಳಿ. ನಂಬರ್ ಒಂಬತ್ತು ಮಾತ್ರ ತೆಂಗಿನ ಹಾಲಿನಂತೆ ಬೆಳ್ಳಗಿತ್ತು.

"ಫೆಲಿ ಅವರೇ!" ಸಿಗ್ರೂನ್ ಸೊಂಟದ ಮೇಲೆ ಕೈಯಿಟ್ಟಳು. "ಏನಿದು?"

ಫೆಲಿ ತಲೆ ತಗ್ಗಿಸಿದಳು.

"ಹನ್ನೊಂದು ಗಂಟೆಗೆ ತುಂಬಾ ಹಸಿವಾಗ್ಬಿಡ್ತು, ಡಾಕ್ಟ್ರಮ್ಮಾ."

ಕುರ್ಚಿ ಮತ್ತೆ ಕೈತಪ್ಪಿತು. ಮೊದಲು ಚಪ್ಪಾಳೆ ಹೊಡೆದವನು ವಿಲ್ಫ್ರೆದೋ.