ಮಷೀನು ಓದದೆ ಬಿಟ್ಟ ಸಾಲು

ಮೊಬೈಲಿನಲ್ಲಿ ಸೊನ್ನೆಯ ಪಕ್ಕ ಒಂದು ಗುರುತು ಇರುತ್ತದೆ, ನೋಡಿದ್ದೀರಲ್ಲ? ಎರಡು ಗೀಟು ಅಡ್ಡ, ಎರಡು ಗೀಟು ಉದ್ದ. ಬ್ಯಾಲೆನ್ಸ್ ನೋಡಲು ಕೊನೆಯಲ್ಲಿ ಒತ್ತುತ್ತೀರಲ್ಲ, ಅದೇ. ಹೋದ ವಾರ ಆ ಗುರುತು ಮೂಗೂರಿನ ಒಬ್ಬ ಹೆಣ್ಣುಮಗಳ ಗುಟ್ಟನ್ನು ಊರಿಗೆಲ್ಲ ಹಂಚಿತು. ನನ್ನ ತಂಗಿಯ ಕೆಲಸಕ್ಕೆ ಕುತ್ತು ತಂದಿತು.

ಹಾಕಿದವನು ನಾನು.

ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ನಂಜನಗೂಡಿನ ಪ್ರೆಸ್ಸೊಂದರಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಾ ಉಳಿದದ್ದನ್ನು ಕಲಿತೆ. (ನಿಮ್ಮ ತಲೆ ತಿನ್ನುವ ಈ ಅಂಕಣದ ಧೈರ್ಯವೂ ಅಲ್ಲಿಂದಲೇ ಬಂದದ್ದು.) ಪ್ರೂಫ್ ತಿದ್ದುವಾಗ ಆ ಗುರುತು ಹಾಕಿದರೆ ಅಲ್ಲಿ ಜಾಗ ಬಿಡಬೇಕೆಂದು ಅರ್ಥ. ನಮ್ಮ ಪ್ರೆಸ್ಸಿನಲ್ಲಿ ಅದಕ್ಕೆ ಇನ್ನೊಂದು ಅರ್ಥವೂ ಇತ್ತು. ಅನುಮಾನ ಬಂದ ಸಾಲಿನ ಶುರುವಿಗೆ ಹಾಕಿದರೆ, ‘ಇಲ್ಲಿ ನಿಲ್ಲು, ಇನ್ನೊಂದು ಸಲ ನೋಡು’.

ತಂಗಿ ಸುಧಾ ನನಗೆ ಉಲ್ಟಾ. ದಿನಾ ರೈಲಿನಲ್ಲಿ ಮೈಸೂರಿಗೆ ಹೋಗಿ ಕಂಪ್ಯೂಟರ್ ಓದಿದಳು. ಈಗ ಮನೆಯ ಮುಂದಿನ ಕೋಣೆಯಲ್ಲೇ ಕೂತು ಸಾಫ್ಟ್‌ವೇರ್ ಬರೆಯುತ್ತಾಳೆ. ಒಬ್ಬ ಡಾಕ್ಟರು ಬೆಳಿಗ್ಗೆ ನಂಜನಗೂಡಿನಲ್ಲಿ, ಸಂಜೆ ಟಿ. ನರಸೀಪುರದಲ್ಲಿ ಕೂರುತ್ತಾರೆ. ರೋಗಿಗಳ ರಿಪೋರ್ಟು ಅವರಿಗೆ ಎರಡೂ ಕಡೆ ಇಂಟರ್‌ನೆಟ್ಟಿನಲ್ಲಿ ಸಿಗಬೇಕು. ಅದನ್ನು ಮಾಡಿಕೊಟ್ಟವಳು ಇವಳೇ.

“ಅಷ್ಟೂ ನೀನೇ ಬರೆದ್ಯಾ?” ಎಂದು ಕೇಳಿದ್ದೆ.

“ಎಲ್ಲಾದ್ರೂ ಉಂಟಾ ಅಣ್ಣ? ಯಾರೋ ಬರೆದಿಟ್ಟಿರೋ ತುಂಡುಗಳನ್ನ ತಗೊಂಡು ಸೇರಿಸ್ತೀವಿ. ಒಂದನ್ನ ಕರೆದ್ರೆ ಅದು ಇನ್ನೆರಡನ್ನ ಕರ್ಕೊಂಡು ಬರುತ್ತೆ.”

“ಬೀಗರನ್ನ ಊಟಕ್ಕೆ ಕರೆದಂಗೆ ಅನ್ನು.”

“ಹೂಂ ಕಣೋ. ಅದಕ್ಕೇ ಯಾರ್ಯಾರು ಬಂದ್ರು ಅಂತ ಒಂದು ಫೈಲಲ್ಲಿ ಬರೆದಿರ್ತೀವಿ. ಅದ್ರಲ್ಲಿ ಕಳ್ಳ ಯಾವನಾದ್ರೂ ಇದ್ದಾನಾ ಅಂತ ನೋಡ್ಬೇಕು.”

ನೋಡುವುದಕ್ಕೂ ಒಂದು ಪ್ರೋಗ್ರಾಮ್ ಬರೆದಿದ್ದಳು. ಅದು ಫೈಲನ್ನು ಸಾಲು ಸಾಲಾಗಿ ಓದಿ, ಯಾವ ತುಂಡು ಹಳೆಯದು, ಯಾವುದರಲ್ಲಿ ಹೊರಗಿನವರು ನುಗ್ಗುವಂಥ ತೂತಿದೆ ಎಂದು ಹೇಳುತ್ತದೆ. ಅದನ್ನು ಓಡಿಸುವ ಮೊದಲು ತುಂಡುಗಳ ಹೆಸರು, ಎಷ್ಟನೇ ಆವೃತ್ತಿ ಎಂಬ ನಂಬರು ಸರಿ ಇವೆಯೇ ಎಂದು ನೋಡಲು ನನ್ನನ್ನು ಕೂರಿಸಿದಳು. “ನಿನ್ನ ಪ್ರೂಫ್ ಕಣ್ಣು ನಂಗಿಲ್ಲ ಅಣ್ಣ,” ಅಂದಳು. (ಇಂಥ ಮಾತಿಗೆ ಉಬ್ಬದ ಅಣ್ಣ ಯಾರಿದ್ದಾನೆ?)

ಒಂದು ಸಾಲಿನ ನಂಬರು ಹಳೆಯದು ಅನ್ನಿಸಿತು. ಕಾಗದವಾಗಿದ್ದರೆ ಪೆನ್ಸಿಲ್ ಎತ್ತುತ್ತಿದ್ದೆ. ಇಲ್ಲಿ ಕೀ ಒತ್ತಿದೆ. ಸಾಲಿನ ಶುರುವಿಗೆ # ಹಾಕಿ ಸೇವ್ ಮಾಡಿದೆ. ತಾಂಡವಪುರದಲ್ಲಿ ಒಬ್ಬರು ಕಾಯುತ್ತಿದ್ದರು, ಎದ್ದು ಹೋದೆ. ಗುರುತು ಕಂಡರೆ ಅವಳೇ ಕೇಳುತ್ತಾಳೆ ಅಂದುಕೊಂಡೆ.

ಸಂಜೆ ಬಂದರೆ ಅವಳ ಮುಖ ಅರಳಿತ್ತು. “ಒಂದೂ ತೂತಿಲ್ಲ ಅಣ್ಣ. ಡಾಕ್ಟ್ರಿಗೂ ಫೋನ್ ಮಾಡ್ದೆ.” ಮಷೀನೇ ನೋಡಿದೆಯಂತೆ, ಇನ್ನು ನನ್ನದೇನು? ಸುಮ್ಮನಾದೆ.

ಹೋದ ವಾರ ನರಸೀಪುರದಿಂದ ಫೋನು ಬಂತು. ಇಬ್ಬರೂ ಬಸ್ಸು ಹತ್ತಿ ಓಡಿದೆವು. ಡಾಕ್ಟರ ಮುಂದೆ ಮೂಗೂರಿನ ಆ ಹೆಣ್ಣುಮಗಳು ಕೂತಿದ್ದರು. ಅವರ ಮೈದುನ ಸೈಬರ್ ಸೆಂಟರಿನಲ್ಲಿ ತಮಾಷೆಗೆ ಮನೆಯವರ ಹೆಸರು ಹಾಕಿ ಹುಡುಕಿದ್ದಾನೆ. ಪಾಸ್‌ವರ್ಡನ್ನೂ ಕೇಳದೆ ಅತ್ತಿಗೆಯ ರಿಪೋರ್ಟು ತೆರೆದುಕೊಂಡಿದೆ. ಪ್ರಿಂಟ್ ತೆಗೆದು ಮನೆಗೆ ತಂದಿದ್ದಾನೆ. (ಕಾಯಿಲೆ ಯಾವುದೆಂದು ಬರೆಯಲಾರೆ. ಈಗಾಗಲೇ ಬೇಕಾದಷ್ಟು ಜನ ಓದಿದ್ದಾರೆ.)

“ನಾನು ನಿಮ್ಗೊಬ್ರಿಗೇ ಏಳಿದ್ದು ಸಾ,” ಎಂದರು ಆಕೆ. “ಈಗ ನಲ್ಲಿ ತಾವ್ಕೆ ಓದ್ರೆ ಅವ್ರವ್ರ ಬಿಂದ್ಗೆ ಪಕ್ಕಕ್ಕೆ ಎಳ್ಕತಾರೆ.”

ಅತ್ತಿದ್ದರೆ ವಾಸಿಯಿತ್ತು. ಆಕೆ ಅಳಲಿಲ್ಲ.

ಸುಧಾ ಅಲ್ಲಿನ ಕಂಪ್ಯೂಟರಿನಲ್ಲೇ ತುಂಡುಗಳ ಪಟ್ಟಿಯ ಫೈಲು ತೆರೆದಳು. ಒಂದು ಸಾಲಿನ ಮುಂದೆ ಅವಳ ಬೆರಳು ನಿಂತಿತು. “ತೂತಿರೋದು ಈ ತುಂಡಲ್ಲೇ. ಮುಂದೆ ಈ ಗುರುತು ಇದ್ರೆ ಆ ಸಾಲನ್ನ ನನ್ನ ಪ್ರೋಗ್ರಾಮ್ ಓದಲ್ಲ ಸಾರ್. ಇಲ್ಲವೇ ಇಲ್ಲ ಅಂದ್ಕೊಂಡು ಮುಂದಕ್ಕೆ ಹೋಗುತ್ತೆ.”

‘ಇಲ್ಲಿ ನೋಡು’ ಎಂದು ನಾನು ಹಾಕಿದ್ದು ಮಷೀನಿಗೆ ‘ಇಲ್ಲಿ ನೋಡಬೇಡ’ ಎಂದಾಗಿತ್ತು. ಆ ತುಂಡು ಆಸ್ಪತ್ರೆಯ ಸಾಫ್ಟ್‌ವೇರಿನೊಳಗೆ ಮೊದಲೇ ಕೂತಿತ್ತು, ಹುಡುಕುವವರ ಕಣ್ಣಿಗೆ ಮಾತ್ರ ಬೀಳಲಿಲ್ಲ. ಇಡೀ ಪಟ್ಟಿಯಲ್ಲಿ ಇದ್ದವನು ಒಬ್ಬನೇ ಕಳ್ಳ. ಅವನನ್ನು ಸರಿಯಾಗಿ ಹಿಡಿದು, ನಾನೇ ಕೈಯಾರೆ ದಾಟಿಸಿದ್ದೆ.

“ಇದನ್ನ ಹಾಕಿದ್ಯಾರಮ್ಮ?” ಡಾಕ್ಟರು ಕೇಳಿದರು.

“ನಾನೇ ಸಾರ್. ಟೆಸ್ಟ್ ಮಾಡೋವಾಗ ಹಾಕಿ ತೆಗೆಯೋಕೆ ಮರ್ತಿದೀನಿ.” ಅವಳು ಸುಳ್ಳು ಹೇಳಲಿಲ್ಲ. ಹಾಗೆಂದೇ ನಂಬಿದ್ದಳು.

ನಾನು ಬಾಯಿ ತೆರೆದೆ. ಹೊರಬಿದ್ದ ಮಾತು ಯಾವುದು ಗೊತ್ತೇ? “ಕುಡಿಯೋಕೆ ನೀರು ಸಿಗುತ್ತಾ ಸಾರ್?”

ಮೂಗೂರಿನವರು ಸುಧಾಳನ್ನೇ ನೋಡುತ್ತಾ, “ನೀನೂ ಒಂದೆಣ್ಣಾಗಿ ಇಂಗೆ ಮಾಡ್ಬೌದಾ ಕಣವ್ವ?” ಎಂದರು. ಉತ್ತರ ಕೊಡಬೇಕಾದವನು ನೀರು ಕುಡಿಯುತ್ತಿದ್ದ. ತಲೆ ತಗ್ಗಿಸಿದವಳು ಅವಳು.

ತೂತನ್ನು ಅವತ್ತೇ ಮುಚ್ಚಿದಳು. ಮೂಗೂರಿನಲ್ಲಿ ಕೈಯಿಂದ ಕೈಗೆ ಹೋದ ಕಾಗದವನ್ನು ಯಾವ ಪ್ರೋಗ್ರಾಮ್ ವಾಪಸ್ ತರುತ್ತದೆ? ಡಾಕ್ಟರು ಈ ಕೆಲಸವನ್ನು ಮೈಸೂರಿನವರಿಗೆ ಕೊಡುವ ಯೋಚನೆಯಲ್ಲಿದ್ದಾರೆ. ಸೋಮವಾರ ಬಾ, ತೀರ್ಮಾನ ಹೇಳುತ್ತೇನೆ ಎಂದಿದ್ದಾರೆ. ವಾಪಸ್ ಬರುವಾಗ ಬಸ್ಸಿನಲ್ಲಿ ಸುಧಾ ಕಿಟಕಿ ಕಡೆ ತಿರುಗಿ ಒಂದೇ ಮಾತು ಹೇಳಿದಳು. “ನನ್ ಕೈ ಮೇಲೇ ನಂಗೆ ನಂಬಿಕೆ ಹೋಯ್ತು ಅಣ್ಣ.” ಆಗಲೂ ನಾನು ಹೇಳಲಿಲ್ಲ.

ಅನುಮಾನ ಬಂದ ಕಡೆ ಗುರುತು ಹಾಕಿ ಎದ್ದು ಹೋಗುವುದು ನಮಗೆಷ್ಟು ಸಲೀಸು. ನಮ್ಮ ಗುರುತಿನ ಅರ್ಥ ಎದುರಿನವರಿಗೂ ಅದೇ ಎಂದು ಯಾರು ಹೇಳಿದರು? ಬಾಯಿಬಿಟ್ಟು ಹೇಳಿದ್ದರೆ ಎರಡು ಮಾತಿನಲ್ಲಿ ಮುಗಿಯುತ್ತಿತ್ತು.

ನಾನು ಕೈಯಲ್ಲಿ ಬರೆದದ್ದನ್ನು ವಾರ ವಾರ ಟೈಪ್ ಮಾಡಿ ಪತ್ರಿಕೆಗೆ ಕಳಿಸುವವಳು ಸುಧಾಳೇ. ಇದನ್ನು ಎದುರಿಗೆ ನಿಂತು ಹೇಳುವ ಬಾಯಿ ನನಗೆ ಬರಲಿಲ್ಲ.

ಸುಧಾ, ಇಲ್ಲಿವರೆಗೆ ಟೈಪ್ ಮಾಡಿದ್ದೀಯಲ್ಲ, ಸೋಮವಾರ ನರಸೀಪುರಕ್ಕೆ ನೀನು ಮನೆಯಲ್ಲೇ ಇದ್ದು ನನ್ನೊಬ್ಬನನ್ನೇ ಕಳಿಸುತ್ತೀಯಾ?